ಸಾಧಾರಣ ಮಂಗಳವಾರ

ಉದ್ಘಾಟನೆಯ ದಿನದ ಪಟಗಳು ನನ್ನಲ್ಲಿ ನಲವತ್ತೊಂದು ಇವೆ.
ನಲವತ್ತೊಂದರಲ್ಲೂ ಅದೇ ಕತ್ತರಿ, ಅದೇ ರಿಬ್ಬನ್ನು,
ಮೇಯರನ ಅದೇ ಹಲ್ಲು.
ಐವತ್ತೆಂಟರ ಅಕ್ಟೋಬರ್. ಒಹಾಯೋದಲ್ಲಿ
ಹಿಂದಿನ ವರ್ಷದವರೆಗೂ ಜೋಳ ನಿಂತಿದ್ದ ನೆಲದ ಮೇಲೆ
ಎಲ್ಮ್‌ಹಾಲೋ ಶಾಪಿಂಗ್ ಸೆಂಟರ್ ಬಾಗಿಲು ತೆರೆದ ದಿನ.

ನನಗೆ ಬೇಕಿರುವುದು ಆ ದಿನವಲ್ಲ.
ಯಾವುದಾದರೂ ಒಂದು ಮಂಗಳವಾರ.
ಮಧ್ಯಾಹ್ನ ಮೂರೂವರೆ, ಮೋಡ, ಕಾರಂಜಿ ಕೆಟ್ಟಿದೆ,
ಯಾರೋ ಹೆಂಗಸು ಒಂದು ಜೊತೆ ಕಾಲುಚೀಲ
ವಾಪಸು ಕೊಡಲು ಬಂದಿದ್ದಾಳೆ.
ಅದರ ಪಟ ಯಾರು ತೆಗೆದಾರು?

ಹಾಗಾಗಿ ಬಾಗಿಲು ಬಾಗಿಲು ತಟ್ಟುತ್ತೇನೆ,
ಬಗಲಲ್ಲಿ ಚೌಕಳಿ ಹಾಳೆಯ ಸುರುಳಿ, ಚೀಲದಲ್ಲಿ ರೆಕಾರ್ಡರು.
ವಾಂಡಾ ಪ್ರುಸಾಕ್ ಹೇಳುತ್ತಾಳೆ:
ಹಕ್ಕಿಪಂಜರದ ಎಡಕ್ಕೆ ವಿಲ್ಲಾರ್ಡ್ ಶೂ ಅಂಗಡಿ.
ಏಳು ವರ್ಷ ಅಲ್ಲಿ ಮಕ್ಕಳ ಪಾದ ಅಳೆದವಳು ನಾನು,
ನನಗೆ ಗೊತ್ತಿಲ್ಲವೆ?
ಆರ್ವಿಲ್ ಟ್ಯಾಕೆಟ್ ಹೇಳುತ್ತಾನೆ: ಬಲಕ್ಕೆ.
ಪಂಜರ ತೊಳೆಯುತ್ತಿದ್ದವನು ನಾನು.
ಇಬ್ಬರೂ ಆಣೆ ಇಡುತ್ತಾರೆ. ಇಬ್ಬರಿಗೂ ಎಂಬತ್ತೈದು ದಾಟಿದೆ.
ಎರಡೂ ಕಡೆ ಪೆನ್ಸಿಲ್ಲಿನಲ್ಲಿ ಬರೆದು
ಕಾಫಿ ಕುಡಿದು ಎದ್ದು ಬರುತ್ತೇನೆ.

ರಾತ್ರಿ ಪಾತ್ರೆ ತೊಳೆಯುವಾಗ ಹೊಳೆಯಿತು.
ಅವಳು ಬರುತ್ತಿದ್ದುದು ಮುಂಬಾಗಿಲಿನಿಂದ,
ಅವನು ಹಿಂದಿನ ಸರಕಿನ ಓಣಿಯಿಂದ.

ಅರ್ನೆಸ್ಟೀನ್ ಗ್ಯಾಡಿಸ್ ಮಾತ್ರ ನನ್ನ ನಕ್ಷೆ ನೋಡಲೇ ಇಲ್ಲ.
ಕನ್ನಡಕ ಒರೆಸಿ, ಮಡಿಸಿ, ಮೇಜಿನ ಮೇಲಿಟ್ಟಳು.
"ಎರಡನೇ ಮಹಡಿಯ ಟೀ ರೂಮು. ಬರೆದುಕೋ.
ಇಪ್ಪತ್ತೆರಡು ಮೇಜು. ಎಣಿಸಿದ್ದೇನೆ,
ಎಣಿಸುವಷ್ಟು ಹೊತ್ತು ನಿಲ್ಲಿಸಿದ್ದರು.
ಹದಿನೇಳು ಖಾಲಿ. ಜಾಗವಿಲ್ಲ ಅಂದರು.
ಕೆಳಗಿಳಿದು ಅಮ್ಮನಿಗೊಂದು ಟೋಪಿ ಕೊಂಡೆ.
ನನ್ನ ದುಡ್ಡಿಗೆ ಜಾಗವಿತ್ತು."

ಇಪ್ಪತ್ತೆರಡು ಸೊನ್ನೆ ಬರೆದೆ. ಐದನ್ನು ತುಂಬಿದೆ.
ಬಾಗಿಲ ಬಳಿ ಅವಳು ನಿಂತ ಜಾಗಕ್ಕೆ
ಯಾವ ಗುರುತು ಹಾಕಬೇಕೆಂದು ತಿಳಿಯದೆ
ಪೆನ್ಸಿಲು ಹಾಗೇ ಊರಿ ಹಿಡಿದಿದ್ದೆ. ಹಾಳೆ ತೂತಾಯಿತು.
ಆ ತೂತನ್ನು ಹಾಗೇ ಬಿಟ್ಟಿದ್ದೇನೆ.

ಅಪ್ಪನ ವಿಷಯ ಇನ್ನೂ ಹೇಳಿಲ್ಲ.
ಬುನಾದಿಕಲ್ಲಿನ ಮೇಲೆ ಬ್ಯಾಂಕಿನ ಹೆಸರಿದೆ, ವಾಸ್ತುಶಿಲ್ಪಿಯದಿದೆ.
ಅಪ್ಪ ಪಾರ್ಕಿಂಗ್ ಬಯಲಿಗೆ ಹಳದಿ ಗೆರೆ ಎಳೆದವನು,
ಮೂರು ಸಾವಿರದ ಎಂಟುನೂರು ಕಾರುಗಳ ಹಣೆಬರಹ ಬರೆದವನು.
ದಾರ ಹಿಡಿಯಲು ನನ್ನನ್ನು ಕರೆದೊಯ್ದಿದ್ದ. ನನಗಾಗ ಆರು.
"ಬಿಗಿಯಾಗಿ ಹಿಡಿ ಜೋಸೀ,
ನೀನು ಅಲುಗಿದರೆ ಊರೆಲ್ಲ ಸೊಟ್ಟಗೆ ನಿಲ್ಲುತ್ತೆ."
ಟೀ ರೂಮಿನ ಹೊಸ್ತಿಲಿಗೆ ಅಪ್ಪ ಗೆರೆ ಎಳೆದಿರಲಿಲ್ಲ.
ಆ ಗೆರೆಗೆ ಬಣ್ಣ ಬೇಕಿರಲಿಲ್ಲ.

ಅರವತ್ತೇಳರಲ್ಲಿ ಅಂಗಳಕ್ಕೆ ಸೂರು ಬಂತು,
ಗುಬ್ಬಿಗಳು ಒಳಗೇ ಉಳಿದವು.
ಸೂರು ಹೋಗಿ ಈಗ ಒಂಬತ್ತು ವರ್ಷ.

ಹೋದ ವಾರ ಅಂಚೆಯಲ್ಲೊಂದು ಪಟ ಬಂತು.
ಹಲ್ಲು ಬಿದ್ದ ಹುಡುಗ, ಬಾಯಿ ಕಿಸಿದು ತೋರಿಸುತ್ತಿದ್ದಾನೆ.
ಹಿಂದೆ, ಮಸುಕಾಗಿ, ಒಣಗಿದ ಕಾರಂಜಿ, ಅದರೊಳಗೆ ಬಕೆಟ್ಟು,
'ಲ್ಲಾರ್ಡ್' ಎಂಬಷ್ಟೇ ಉಳಿದ ಬೋರ್ಡು,
ಯಾವುದೋ ಹೆಂಗಸಿನ ಬೆನ್ನು, ಕೈಯಲ್ಲಿ ಸಣ್ಣ ಪೊಟ್ಟಣ.
ಗಡಿಯಾರದಲ್ಲಿ ಮೂರು ಮೂವತ್ತೈದು.
ಪಟದ ಹಿಂಬದಿ ನೋಡಿದೆ. ಡ್ವೇನ್, ಮೊದಲ ಹಲ್ಲು. ಅಷ್ಟೇ.
ಮಂಗಳವಾರವೇ ಇರಬೇಕು. ಸಾಬೀತಿಲ್ಲ.

ಬೇಲಿಯ ಸಂದಿಯಿಂದ ನುಸುಳಿ ಒಳಗೆ ಹೋದೆ.
ಬಿರುಕಿನುದ್ದಕ್ಕೂ ಹಳದಿ ಹೂವಿನ ಕಳೆ,
ನಡುನಡುವೆ ಗೆರೆ, ಗೆರೆಯಡಿ ಗೆರೆ,
ಕೀಲು ನೋಯುವ ಮಂಡಿಯೂರಿ ಬೆರಳಾಡಿಸಿದೆ.
ಪೂರ್ವದ ಗೇಟಿನಿಂದ ಹನ್ನೊಂದನೆಯದು
ನಡುವೆ ಬೆರಳಗಲ ಸೊಟ್ಟ.
ಅಲುಗಿದ್ದೆ. ಜೀರುಂಡೆ ಕಾಲ ಮೇಲೆ ಹರಿದಿತ್ತು.
ಅಪ್ಪ ನೋಡಿಯೂ ಸುಮ್ಮನಿದ್ದ.
ಆಮೇಲೆ ನಲವತ್ತು ವರ್ಷ ಬಣ್ಣ ಬಳಿದವರೆಲ್ಲ
ಆ ಸೊಟ್ಟವನ್ನೇ ನಿಯತ್ತಾಗಿ
ಬಳಿದುಕೊಂಡು ಹೋಗಿದ್ದಾರೆ.